ನಾಳೆ ಬೆಳಗ್ಗೆ ಎಷ್ಟು ವಿಮಾನ ಹಾರುತ್ತವೆ?

ಕೇಳುಗರಿಗೆ ನಮಸ್ಕಾರ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಕತ್ತು ನೋಯುವಷ್ಟು ಹೊತ್ತು ಆಕಾಶ ನೋಡಿ ಬಂದವರು ನಿಮ್ಮಲ್ಲಿ ಅನೇಕರಿರುತ್ತೀರಿ. ನೋಡಿ ಬಂದವರು ಕೇಳುವುದು ಎರಡೇ ಮಾತು: ಯಾವುದಕ್ಕೆ ವೇಗ ಹೆಚ್ಚು, ಯಾವುದಕ್ಕೆ ಬೆಲೆ ಎಷ್ಟು? ವಾಯುಪಡೆ ಕೇಳಬೇಕಾದ ಮಾತೇ ಬೇರೆ. ನಾಳೆ ಬೆಳಗ್ಗೆ ಇವುಗಳಲ್ಲಿ ಎಷ್ಟು ಹಾರುತ್ತವೆ? ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ.

2007ರ ಆಗಸ್ಟ್‌ನಲ್ಲಿ ಭಾರತ 126 ಯುದ್ಧವಿಮಾನಗಳಿಗೆ ಟೆಂಡರ್ ಕರೆಯಿತು. ಸ್ಕ್ವಾಡ್ರನ್ ಎಂದರೆ ವಾಯುಪಡೆಯ ಒಂದು ತುಕಡಿ; ಒಂದಕ್ಕೆ 18ರಂತೆ ಏಳು ಸ್ಕ್ವಾಡ್ರನ್. ಕಣಕ್ಕಿಳಿದದ್ದು ಆರು: ಫ್ರಾನ್ಸಿನ ರಫೇಲ್, ಯುರೋಪಿನ ನಾಲ್ಕು ದೇಶಗಳು ಕೂಡಿ ಮಾಡಿದ ಟೈಫೂನ್, ಸ್ವೀಡನ್ನಿನ ಗ್ರಿಪೆನ್, ರಷ್ಯಾದ ಮಿಗ್-35, ಅಮೆರಿಕದ ಎಫ್-16 ಮತ್ತು ಎಫ್-18. ಪ್ರತಿ ಕಂಪನಿಯೂ ಎರಡು ಲಕೋಟೆ ಕೊಡಬೇಕು; ಒಂದರಲ್ಲಿ ತಾಂತ್ರಿಕ ವಿವರ, ಇನ್ನೊಂದರಲ್ಲಿ ಬೆಲೆ. ಮೊದಲನೆಯದನ್ನು ಓದಿ, ವಿಮಾನ ಹಾರಿಸಿ ನೋಡಿ, ಪಾಸಾದವರ ಬೆಲೆಯ ಲಕೋಟೆಯನ್ನು ಮಾತ್ರ ಒಡೆಯುತ್ತಾರೆ.

ಹಾರಿಸಿ ನೋಡಿದ್ದು ಬೆಂಗಳೂರು, ಜೈಸಲ್ಮೇರ್ ಮತ್ತು ಲಡಾಖಿನ ಲೇಹ್‌ನಲ್ಲಿ. ಲೇಹ್ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ವಿಮಾನದ ನಿಜವಾದ ಗುಣ ತಿಳಿಯುವುದು ಅಲ್ಲೇ. ಆ ರನ್‌ವೇ ಇರುವುದು 3,200 ಮೀಟರಿಗೂ ಎತ್ತರದಲ್ಲಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಗಾಳಿ ಸುಮಾರು ಕಾಲುಭಾಗದಷ್ಟು ತೆಳು. ಗಾಳಿ ತೆಳುವಾದರೆ ಎಂಜಿನ್ನಿಗೆ ಉಸಿರು ಕಡಿಮೆ, ಮುಂದೆ ತಳ್ಳುವ ಬಲ ಕಡಿಮೆ. ರೆಕ್ಕೆಗೂ ಹಿಡಿತ ಸಿಗುವುದಿಲ್ಲ, ಹಾಗಾಗಿ ನೆಲ ಬಿಡಲು ಇನ್ನಷ್ಟು ವೇಗ ಬೇಕು, ಇನ್ನಷ್ಟು ರನ್‌ವೇ ಬೇಕು. ಬೆಂಗಳೂರಿನಲ್ಲಿ ಎತ್ತಿದ ಬಾಂಬಿನ ಭಾರವನ್ನು ಅಲ್ಲಿ ಅದೇ ವಿಮಾನ ಎತ್ತಲಾರದು. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಇಳಿದ ವಿಮಾನದ ಎಂಜಿನ್ ಆರಿಸಿ, ಚಳಿಯಲ್ಲಿ ನಿಲ್ಲಿಸಿ, ಮತ್ತೆ ಚಾಲೂ ಮಾಡಿ ನೋಡಿ! ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿ ಸೊರಗಿರುತ್ತದೆ, ರಬ್ಬರ್ ಸೀಲುಗಳು ಕುಗ್ಗಿ ಹೈಡ್ರಾಲಿಕ್ ದ್ರವ ಜಿನುಗುತ್ತದೆ. ಎಂಜಿನ್ ತಿರುಗಿಸುವ ಸ್ಟಾರ್ಟರ್ ಕೂಡ ಅದೇ ತೆಳುಗಾಳಿಯನ್ನೇ ನಂಬಿರುವುದು. ಚಾಲೂ ಆಗದ ವಿಮಾನ ಎಷ್ಟು ವೇಗದ್ದಾದರೇನು? ಅದು ಬೆಳಗಿನ ಲೆಕ್ಕಕ್ಕೆ ಬರುವುದೇ ಇಲ್ಲ. ಮುಂದೆ ರಫೇಲ್ ಕೊಂಡಾಗ ಭಾರತಕ್ಕೆಂದೇ ಮಾಡಿಸಿಕೊಂಡ ಮಾರ್ಪಾಡುಗಳಲ್ಲಿ, ಇಂಥ ಎತ್ತರದ ಚಳಿಯಲ್ಲಿ ಎಂಜಿನ್ ಚಾಲೂ ಆಗುವ ವ್ಯವಸ್ಥೆಯೂ ಒಂದು.

2011ರ ಏಪ್ರಿಲ್‌ನಲ್ಲಿ ರಫೇಲ್ ಮತ್ತು ಟೈಫೂನ್ ಎರಡೇ ಉಳಿದವು. 2012ರ ಜನವರಿಯಲ್ಲಿ ಬೆಲೆಯ ಲೆಕ್ಕದಲ್ಲಿ ರಫೇಲ್ ಗೆದ್ದಿತು. ಅಲ್ಲಿ ನೋಡಿದ್ದು ಬರೀ ಕೊಳ್ಳುವ ಬೆಲೆಯಲ್ಲ, ವಿಮಾನ ಬಾಳುವಷ್ಟು ಕಾಲ ಹಾರಿಸುವ ಖರ್ಚನ್ನೂ ಸೇರಿಸಿಯೇ. ಇದು ಸರಿಯಾದ ಕ್ರಮ. ಆಮೇಲೆ ಮಾತುಕತೆ ಕುಂಟಿತು. 18 ಸಿದ್ಧವಾಗಿ ಬರಬೇಕು, 108 ನಮ್ಮ ಎಚ್‌ಎಎಲ್‌ನಲ್ಲಿ ತಯಾರಾಗಬೇಕು ಎಂದಿತ್ತು. ಆ 108ರ ಗುಣಮಟ್ಟಕ್ಕೆ ಜವಾಬ್ದಾರಿ ಯಾರದು, ಒಂದನ್ನು ಕಟ್ಟಲು ಎಷ್ಟು ಗಂಟೆಯ ಕೆಲಸ ಎಂಬಲ್ಲಿ ಹೊಂದಲಿಲ್ಲ. 2015ರಲ್ಲಿ ಟೆಂಡರ್ ರದ್ದಾಯಿತು. 2016ರ ಸೆಪ್ಟೆಂಬರ್ 23ರಂದು 36 ರಫೇಲ್‌ಗಳಿಗೆ ಸಹಿ ಬಿತ್ತು. ಮೊದಲ ಐದು ಅಂಬಾಲ ವಾಯುನೆಲೆಯಲ್ಲಿ ಇಳಿದದ್ದು 2020ರ ಜುಲೈ 29ಕ್ಕೆ. ಟೆಂಡರ್ ಕರೆದ ಮೇಲೆ ಹದಿಮೂರು ವರ್ಷ!

ಒಪ್ಪಂದದ ಮೊತ್ತ 787 ಕೋಟಿ ಯೂರೋ. ಇದನ್ನು 36ರಿಂದ ಭಾಗಿಸಿ ಒಂದಕ್ಕಿಷ್ಟು ಎಂದು ವಾದ ಮಾಡುವುದನ್ನು ದಯವಿಟ್ಟು ಬಿಡಿ. ಅದರೊಳಗೆ ಕ್ಷಿಪಣಿಗಳಿವೆ, ಬಿಡಿಭಾಗಗಳಿವೆ, ತರಬೇತಿ ಇದೆ. ಐದು ವರ್ಷ ನೂರಕ್ಕೆ 75ರಷ್ಟು ವಿಮಾನಗಳು ಹಾರಲು ಸಿದ್ಧವಿರಬೇಕೆಂಬ ಷರತ್ತೂ ಇದೆ. ನನ್ನ ಪ್ರಕಾರ ಇಡೀ ಒಪ್ಪಂದದಲ್ಲಿ ಬೆಲೆಬಾಳುವ ಸಾಲು ಅದೇ. ಲೆಕ್ಕ ಹಾಕಿ. 36ರಲ್ಲಿ ಮುಕ್ಕಾಲು ಎಂದರೆ 27. ಅರ್ಧವೇ ಸಿದ್ಧವಿದ್ದರೆ 18. ಅರ್ಧದ ಲೆಕ್ಕದಲ್ಲಿ 27 ವಿಮಾನ ಬೇಕೆಂದರೆ 54 ಕೊಳ್ಳಬೇಕಾಗುತ್ತದೆ. ನಮ್ಮ ವಾಯುಪಡೆಯ ಸುಖೋಯ್-30 ಯುದ್ಧವಿಮಾನಗಳು ಬಿಡಿಭಾಗ ಸಿಗದೆ ಸುಮಾರು ಅರ್ಧದಷ್ಟು ನೆಲದಲ್ಲೇ ನಿಂತ ಕಾಲವೂ ಇತ್ತು.

ಎಂಜಿನ್ ರಿಪೇರಿಯ ಮಾತೂ ಇದೇ ಲೆಕ್ಕಕ್ಕೆ ಸೇರುತ್ತದೆ. ರಫೇಲ್‌ನ ಎಂ-88 ಎಂಜಿನ್ನಿನಲ್ಲಿ 21 ಮಾಡ್ಯೂಲ್‌ಗಳಿವೆ, ಎಂದರೆ ಬೇರೆಬೇರೆಯಾಗಿ ಬಿಚ್ಚಿ ಜೋಡಿಸಬಹುದಾದ ಭಾಗಗಳು. ಕೆಟ್ಟ ಮಾಡ್ಯೂಲ್ ಬಿಚ್ಚಿ ಬೇರೆ ಹಾಕಿದರೆ ಸಾಕು, ಇಡೀ ಎಂಜಿನ್ ಕಾರ್ಖಾನೆಗೆ ಹೋಗಬೇಕಿಲ್ಲ. ಆದರೆ ಆ ಮಾಡ್ಯೂಲ್ ಉಗ್ರಾಣದಲ್ಲಿ ಇರಬೇಕು! ಇಲ್ಲದಿದ್ದರೆ ಮೆಕ್ಯಾನಿಕ್‌ಗಳು ಪಕ್ಕದ ವಿಮಾನದಿಂದ ಬಿಚ್ಚಿ ಹಾಕುತ್ತಾರೆ, ಅದೂ ನಿಲ್ಲುತ್ತದೆ.

ಸಮಯವಾಗುತ್ತಾ ಬಂತು. ಪೈಲಟ್ ತರಬೇತಿ, ಕ್ಷಿಪಣಿ ಜೋಡಣೆ, ಸಾಫ್ಟ್‌ವೇರ್ ಯಾರ ಕೈಯಲ್ಲಿರಬೇಕು ಎಂಬುದೆಲ್ಲ ಉಳಿದೇ ಹೋಯಿತು. 2018ರ ಏಪ್ರಿಲ್‌ನಲ್ಲಿ ವಾಯುಪಡೆ ಇನ್ನೂ 114 ವಿಮಾನಗಳಿಗೆಂದು ಕಂಪನಿಗಳಿಂದ ಮಾಹಿತಿ ಕೇಳಿತ್ತು. ಆ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಬೆಲೆಯ ಸಾಲು ದಾಟಿ ಕೆಳಗೆ ಓದಿ. ನೂರಕ್ಕೆ ಎಷ್ಟು ಸಿದ್ಧವಿರಬೇಕೆಂದು ಬರೆಸಿಕೊಂಡಿದ್ದಾರೆ, ಎಷ್ಟು ವರ್ಷಕ್ಕೆ, ತಪ್ಪಿದರೆ ದಂಡವೆಷ್ಟು ಎಂದು ಹುಡುಕಿ. ನಮಸ್ಕಾರ.