ಮೊಳೆಗೆ ನೇತುಹಾಕಿದ ಎರಡು ಗ್ಯಾಸ್ಕೆಟ್

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಈ ಭಾಷಣ ನನಗೆ ಯಾರೂ ಕೊಟ್ಟದ್ದಲ್ಲ, ನಾನೇ ಕೇಳಿ ಪಡೆದದ್ದು. ಜೂನ್‌ನಲ್ಲಿ ನಮ್ಮ ಬಳಗದ ಹದಿನಾಲ್ಕು ಜನ ನಾಲ್ಕು ಕಾರಿನಲ್ಲಿ ಧಾರವಾಡದಿಂದ ಲೇಹ್‌ಗೆ ಹೊರಟಿದ್ದಾರೆ. ಬಹಳ ಸಂತೋಷ. ಆದರೆ ಕಳೆದ ವಾರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪಟ್ಟಿ ಬಂತು. 'ದಾರಿ ಅಡುಗೆಗೆ ಕೊಳ್ಳಬೇಕಾದ ಸಾಮಾನು' ಅಂತ. ಎಣಿಸಿದೆ, 41 ಸಾಮಾನು. ಬ್ಯಾಟರಿ ಮಿಕ್ಸಿ ಇದೆ. ಮಡಚುವ ಸಿಲಿಕಾನ್ ಬಟ್ಟಲು ಇದೆ. ಮೊಟ್ಟೆಗೆ ಅಂತಲೇ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಟೈಟಾನಿಯಂ ಚಮಚ, ಹದಿನಾಲ್ಕು. ಎರಡು ಸಲ ಓದಿದೆ. ಇಕ್ಕಳ ಇಲ್ಲ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಗಬೇಡಿ, ನಿಜ. ನನ್ನ ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಕೇಳಿ ನೋಡಿ.

ನಾನು ಅಡುಗೆಯವನಲ್ಲ. ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕೊಯ್ದವನು. ಯಾವುದೇ ಸಾಮಾನು ಕೈಗೆ ಬಂದರೆ ಮೊದಲು ತಿರುಗಿಸಿ ಅದರ ತಳ ನೋಡುತ್ತೇನೆ, ಆಮೇಲೆ ಹಿಡಿ ಅಲ್ಲಾಡಿಸುತ್ತೇನೆ. ಅಂಗಡಿಯವನ ಹತ್ತಿರ ಕೇಳುವ ಪ್ರಶ್ನೆ ಒಂದೇ. ಇದು ಕೆಟ್ಟರೆ ಸಣ್ಣ ಊರಿನ ಸಂತೆಯಲ್ಲಿ ರಿಪೇರಿ ಆಗುತ್ತಾ? ಇವತ್ತು ಐದು ವಿಷಯ ಬರೆದುಕೊಂಡು ಬಂದಿದ್ದೇನೆ: ಪಾತ್ರೆ, ಒಲೆ, ಚಾಕು, ನೀರು, ಡಬ್ಬಿ. ಎಲ್ಲದಕ್ಕೂ ಪ್ರಶ್ನೆ ಇದೇ.

ಪಾತ್ರೆಗೆ ಮೊದಲು ಒಂದು ಕತೆ. ಕೆಲವರು ಇದನ್ನು ಆಗಲೇ ಕೇಳಿದ್ದೀರಿ. ಇನ್ನೊಂದು ಸಲ ಕೇಳಿ.

2011ರಲ್ಲಿ ನಾವು ನಾಲ್ಕು ಜನ ಮನಾಲಿ ದಾರಿಯಲ್ಲಿ ಲೇಹ್‌ಗೆ ಹೋದೆವು. ನನ್ನ ಅಕ್ಕನ ಮಗ ಅಮೆರಿಕದಿಂದ ಒಂದು ಟೈಟಾನಿಯಂ ಪಾತ್ರೆ ತಂದುಕೊಟ್ಟಿದ್ದ. ಹಕ್ಕಿ ಗರಿಯ ಹಾಗೆ ಹಗುರ. ಬೆಲೆ ಕೇಳಿದರೆ ಕೈ ನಡುಗುತ್ತಿತ್ತು. ಸಂಜೆ ಆರಕ್ಕೆ ಸರ್ಚು ತಲುಪಿದೆವು. ಸುಮಾರು 4,290 ಮೀಟರ್ ಎತ್ತರ. ಗಾಳಿ ಅಂದರೆ ಗಾಳಿ, ಬೆಂಕಿಕಡ್ಡಿ ಗೀರಿದರೆ ಆರುತ್ತದೆ. ನನ್ನವಳಿಗೆ ಸಾರು ಬೇಕು. ಐದು ದಿನದಿಂದ ರಾಜ್ಮಾ ತಿಂದು ಸಾಕಾಗಿತ್ತು. ತೊಗರಿಬೇಳೆ ಇಟ್ಟೆವು. ಏಳಾಯಿತು, ಎಂಟಾಯಿತು. ನೀರು ಗಳಗಳ ಕುದಿಯುತ್ತಿದೆ, ಬೇಳೆ ಮಾತ್ರ ಕಲ್ಲು. ನೀರು ಬತ್ತಿತು, ಹಾಕಿದೆವು. ಮತ್ತೆ ಬತ್ತಿತು, ಮತ್ತೆ ಹಾಕಿದೆವು. ಒಂಬತ್ತಕ್ಕೆ ಗ್ಯಾಸ್ ಡಬ್ಬಿ ಖಾಲಿ. ತಳ ಕರಕಲು, ಮೇಲೆ ಹಸಿ. ಆಗ ಇವಳು ಅಂದದ್ದು ನನಗೆ ಇನ್ನೂ ನೆನಪಿದೆ: "ಇದನ್ನ ಮನಿಗೆ ಒಯ್ದು ಕುದಸೋಣ ಬಿಡ್ರಿ."

ಯಾಕೆ ಹೀಗಾಯಿತು? ನಿಮಗೆ ಗೊತ್ತು, ಶಾಲೆಯಲ್ಲಿ ಓದಿದ್ದೀರಿ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಲೆಕ್ಕಕ್ಕೆ 300 ಮೀಟರಿಗೆ ಒಂದು ಡಿಗ್ರಿ ಇಟ್ಟುಕೊಳ್ಳಿ. ನಮ್ಮ ಧಾರವಾಡದಲ್ಲೇ ನೀರು ಪೂರ್ತಿ 100ಕ್ಕೆ ಹೋಗುವುದಿಲ್ಲ, 97ರ ಸುಮಾರಿಗೆ ಕುದಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ 93, 94. ಲೇಹ್‌ನಲ್ಲಿ 88. ಸರ್ಚುವಿನಲ್ಲಿ 86. ಅಷ್ಟು ಬಿಸಿಗೆ ಚಹಾ ಆಗುತ್ತದೆ, ಬೇಳೆ ಬೇಯುವುದಿಲ್ಲ. ಉರಿ ಜಾಸ್ತಿ ಮಾಡಿದರೆ ನೀರು ಬೇಗ ಬತ್ತುತ್ತದೆ ಅಷ್ಟೇ.

ಕತೆ ಮುಗಿದಿಲ್ಲ. ಪಕ್ಕದ ಡೇರೆ ಢಾಬಾದಲ್ಲಿ ಒಬ್ಬ ತಾಯಿ ಇದ್ದರು. ನಮ್ಮ ಅವಸ್ಥೆ ನೋಡಿ ಒಳಗೆ ಕರೆದರು. ಅವರ ಹತ್ತಿರ ಒಂದು ಹಳೇ ಅಲ್ಯೂಮಿನಿಯಂ ಕುಕ್ಕರ್. ಹಿಡಿ ಮುರಿದು ತಂತಿ ಸುತ್ತಿದ್ದರು. ಮೈಯೆಲ್ಲ ನೆಗ್ಗಿತ್ತು. ಅದರಲ್ಲಿ ಅರ್ಧ ಗಂಟೆಯಲ್ಲಿ ನಾಲ್ವರಿಗೆ ಅನ್ನ ಮತ್ತು ಬೇಳೆ. ಊಟ ಮಾಡುತ್ತಾ ತಲೆ ಎತ್ತಿ ನೋಡಿದೆ. ಡೇರೆ ಕಂಬಕ್ಕೆ ಒಂದು ಮೊಳೆ. ಮೊಳೆಗೆ ಎರಡು ಹೊಸ ಗ್ಯಾಸ್ಕೆಟ್ ನೇತುಹಾಕಿದ್ದರು. ಎಲ್ಲಿ ತಂದಿರಿ ಅಂದೆ. ಮನಾಲಿ ದಾರಿಯ ಸಣ್ಣ ಊರು ಕೇಲಾಂಗ್‌ನ ಬಜಾರಿನಲ್ಲಿ ಅಂದರು. ನನ್ನ ಪ್ರಶ್ನೆಗೆ ಉತ್ತರ ಆ ಮೊಳೆಯ ಮೇಲೆ ತೂಗಾಡುತ್ತಿತ್ತು!

ಅಕ್ಕನ ಮಗನ ಪಾತ್ರೆಯನ್ನು ಬೈಯುತ್ತಿಲ್ಲ. ಅದು ಕೆಟ್ಟ ಪಾತ್ರೆಯಲ್ಲ, ಬೇರೆ ಊಟದ ಪಾತ್ರೆ. ಅಲ್ಲಿ ಬೆನ್ನ ಮೇಲೆ ಹೊತ್ತು ನಡೆಯುವವರು ನೀರು ಕುದಿಸಿ, ಒಣಗಿಸಿದ ಊಟದ ಪೊಟ್ಟಣಕ್ಕೆ ಸುರಿದು ತಿನ್ನುತ್ತಾರೆ. ಅಷ್ಟಕ್ಕೆ ಟೈಟಾನಿಯಂ ಬಹಳ ಚೆನ್ನ. ನಮ್ಮದು ಒಗ್ಗರಣೆಯಿಂದ ಶುರು. ಟೈಟಾನಿಯಂಗೆ ಶಾಖ ಹರಡುವುದೇ ಗೊತ್ತಿಲ್ಲ, ಸ್ಟೀಲಿನದೂ ಅದೇ ಗುಣ. ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು 15 ಪಟ್ಟು ಚೆನ್ನಾಗಿ ಶಾಖ ಹರಡುತ್ತದೆ. ತೆಳು ಟೈಟಾನಿಯಂನಲ್ಲಿ ಸಾಸಿವೆ ಹಾಕಿ ನೋಡಿ. ನಡುವೆ ಬಿದ್ದದ್ದು ಸುಟ್ಟಿರುತ್ತದೆ, ಅಂಚಿನದು ಸುಮ್ನೆ ಕೂತಿರುತ್ತದೆ. ಕಾರಿನಲ್ಲಿ ಹೋಗುವವರಿಗೆ ಇನ್ನೂರು ಗ್ರಾಂ ಉಳಿಸಿ ಏನಾಗಬೇಕು, ಅಲ್ವಾ? ಡಿಕ್ಕಿಯಲ್ಲಿ ಜಾಗ ಉಳಿಸಬೇಕು. ತೂಕ ಬೇರೆ, ಜಾಗ ಬೇರೆ.

ಹಾಗಾದರೆ ಏನು ಕೊಳ್ಳಬೇಕು? ಒಂದು ಕಾರಿಗೆ ಒಂದು ಮೂರು ಲೀಟರ್ ಕುಕ್ಕರ್. ಅದರೊಳಗೆ ಕೂರುವ ಒಂದು ಸ್ಟೀಲ್ ಬೋಗುಣಿ. ಬೋಗುಣಿಯೊಳಗೆ ಚಹಾ ಪಾತ್ರೆ, ಅದರೊಳಗೆ ಲೋಟಗಳು. ಮುಚ್ಚಳ ತಟ್ಟೆ ಆಗಬೇಕು. ಯಾವುದಕ್ಕೂ ಉದ್ದ ಹಿಡಿ ಬೇಡ. ಉದ್ದ ಹಿಡಿಯೇ ಅರ್ಧ ಡಿಕ್ಕಿ ತಿನ್ನುತ್ತದೆ. ಎಲ್ಲಕ್ಕೂ ಸೇರಿ ಒಂದು ಇಕ್ಕಳ, ನಮ್ಮಲ್ಲಿ ಕೆಲವರು ಸಾಂಡಸಿ ಅಂತಾರೆ. ಒಂದು ಇಕ್ಕಳ ಐದು ಪಾತ್ರೆಗೆ ಹಿಡಿ. ಪರದೇಶದ ಕಂಪನಿಗಳು ಬಿಚ್ಚಿ ತೆಗೆಯುವ ಹಿಡಿ ಅಂತ ಏನೇನೋ ಮಾಡಿ ಮಾರುತ್ತವೆ. ನಮ್ಮ ಅಜ್ಜಿ ಯಲ್ಲಮ್ಮನಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವಾಗ ಒಂದು ಬೋಗುಣಿ, ಒಂದು ಹಂಚು, ಒಂದು ಸೌಟು, ಒಂದು ಇಕ್ಕಳ, ಎಲ್ಲವನ್ನೂ ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಗುಡ್ಡದಲ್ಲಿ ಮೂರು ಕಲ್ಲು ಹೂಡಿ ಅದರ ಮೇಲೆ ಹೋಳಿಗೆ, ಕಡುಬು ಮಾಡಿ, ದೇವಿಯ ನೈವೇದ್ಯದ ಬುಟ್ಟಿ ಪಡ್ಲಗಿ ತುಂಬಿಸಿ, ಮನೆಮಂದಿಗೆಲ್ಲ ಊಟ. ಸೌದತ್ತಿ ಜಾತ್ರೆಗೆ ಹೋದವರಿಗೆ ಕ್ಯಾಂಪಿಂಗ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಸ್ಟೀಲ್ ಕೊಳ್ಳುವಾಗ ಕೆಲವರು ಅಯಸ್ಕಾಂತ ಹಿಡಿದು ಹೋಗುತ್ತಾರೆ. ಅಂಟದಿದ್ದರೆ 304 ಅನ್ನುವ ಒಳ್ಳೆ ಸ್ಟೀಲ್ ಅಂತ ತೀರ್ಮಾನ. ಇಲ್ಲ ಸ್ವಾಮಿ, 202 ಅನ್ನುವ ಅಗ್ಗದ ಸ್ಟೀಲಿಗೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ಅಯಸ್ಕಾಂತ ಮನೆಯಲ್ಲಿಡಿ. ಹಿಡಿ ಇದ್ದರೆ ರಿವೆಟ್ ಇದೆಯಾ ನೋಡಿ. ಬರೀ ವೆಲ್ಡ್ ಚುಕ್ಕೆ ಇದ್ದರೆ ರಸ್ತೆಯ ಕುಲುಕಾಟಕ್ಕೆ ಒಂದು ದಿನ ಕಳಚುತ್ತದೆ. ರಿವೆಟ್ ಸಡಿಲ ಆದರೆ ಕಲ್ಲಿನ ಮೇಲಿಟ್ಟು ಎರಡು ಏಟು ಹೊಡೆದರೆ ಗಟ್ಟಿ. ನಾನ್‌ಸ್ಟಿಕ್ ಬೇಡವೇ ಬೇಡ. ಡಿಕ್ಕಿಯಲ್ಲಿ ಒಂದಕ್ಕೊಂದು ತಿಕ್ಕಿ ಮೇಲ್ಪದರ ಹೋಗುತ್ತದೆ, ಹೋದರೆ ಯಾವ ಸಂತೆಯಲ್ಲೂ ರಿಪೇರಿ ಇಲ್ಲ. ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿ ಮರೆತರಂತೂ, 260 ಡಿಗ್ರಿ ದಾಟಿದ ಮೇಲೆ ಆ ಪದರ ಕೆಡಲು ಶುರು. ಬರೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಬೇಡಿ, ಲೋಹ ಸಾರಿಗೆ ಇಳಿಯುತ್ತದೆ. ಅದಕ್ಕೇ ಒಳಗೆ ಸ್ಟೀಲ್ ಬೋಗುಣಿ ಅಂದದ್ದು.

ಇನ್ನು 2014ರ ಪ್ರಯಾಣ. ಈ ಸಲ ಜಾಣರಾಗಿದ್ದೆವು, ಕುಕ್ಕರ್ ತೆಗೆದುಕೊಂಡು ಹೋದೆವು. ಕೇಲಾಂಗ್‌ನಲ್ಲಿ ತೆಗೆದು ನೋಡಿದರೆ ಸೀಟಿ ಇಲ್ಲ. ಧಾರವಾಡದ ಮನೆಯ ಪಾತ್ರೆ ಬುಟ್ಟಿಯಲ್ಲಿ ಆರಾಮಾಗಿ ಕೂತಿತ್ತು. ಯಾರು ಬಿಟ್ಟು ಬಂದದ್ದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ, ಮೂರನೇ ಸಾಲಿನ ಅಭಿಪ್ರಾಯ ಬೇರೆ ಇದೆ. ನನ್ನ ಮಗ ಒಂದು ಕಲ್ಲು ಹುಡುಕಿ ತಂದ. ಅಪ್ಪಾ, ಇದನ್ನಿಡೋಣ ಅಂದ. ಖಂಡಿತ ಬೇಡ. ಆ ಸೀಟಿ ಸುಮ್ನೆ ಕೂಗುವುದಕ್ಕಿಲ್ಲ, ಅದು ಲೆಕ್ಕ ಹಾಕಿದ ತೂಕ. ಹೊರಗಿನ ಗಾಳಿಯ ಒತ್ತಡದ ಮೇಲೆ, ಸಮುದ್ರ ಮಟ್ಟದ ಗಾಳಿಯ ಒತ್ತಡದಷ್ಟು ಇನ್ನೂ ಸೇರುವ ತನಕ ತಡೆಯುತ್ತದೆ, ಆಮೇಲೆ ಎದ್ದು ಬಿಡುತ್ತದೆ. ಸಮುದ್ರ ಮಟ್ಟದಲ್ಲಿ ಒಳಗೆ 120 ಡಿಗ್ರಿ. ಸರ್ಚುವಿನಲ್ಲೂ 113ರ ಹತ್ತಿರ. ಬೇಳೆಗೆ ಧಾರಾಳ ಸಾಕು. ಬೇರೆ ಕಂಪನಿಯ ಸೀಟಿ ಕೂಡ ಇಡಬಾರದು, ಕಲ್ಲಿನ ಮಾತೇ ಬೇಡ. ಅದೇ ಬಜಾರಿನಲ್ಲಿ ಅದೇ ಕಂಪನಿಯ ಸೀಟಿ ಸಿಕ್ಕಿತು. ಯಾಕೆ ಸಿಕ್ಕಿತು? ಊರೂರಲ್ಲಿ ಮಾರುವ ಮಾಮೂಲಿ ಕುಕ್ಕರ್ ಅದು. ಆನ್‌ಲೈನ್‌ನಲ್ಲಿ ತರಿಸಿದ ಚಂದದ ಕುಕ್ಕರ್ ಆಗಿದ್ದರೆ ಮತ್ತೆ ರಾಜ್ಮಾ.

ಅಧ್ಯಕ್ಷರ ಚೀಟಿ ಬಂತು. ಇನ್ನು ಹನ್ನೆರಡು ನಿಮಿಷ ಅಂತ ಬರೆದಿದ್ದಾರೆ. ಒಲೆಗೆ ಬರುತ್ತೇನೆ.

ನಮ್ಮ ಕಾಲದ್ದು ಪಂಪ್ ಸ್ಟೌ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಪ್ರೈಮಸ್ ಅಂತ ಮಾಡಿದ್ದು. ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಹೋದಾಗಲೂ ಜೊತೆಗಿದ್ದದ್ದು ಅದೇ. ವಾಷರ್ ಹೋದರೆ ವಾಷರ್, ಬರ್ನರ್ ಹೋದರೆ ಬರ್ನರ್, ಕಟ್ಟಿಕೊಂಡರೆ ಪಿನ್. ನನ್ನ ಪ್ರಶ್ನೆಗೆ ನೂರಕ್ಕೆ ನೂರು ಅಂಕ. ಆದರೆ ಈಗ ಸೀಮೆಎಣ್ಣೆಗೆ ಎಲ್ಲಿ ಅಲೆಯುತ್ತೀರಿ?

ಪಟ್ಟಿಯಲ್ಲಿರುವುದು ಸೂಟ್‌ಕೇಸಿನ ಹಾಗೆ ಮುಚ್ಚುವ, ಉದ್ದ ಡಬ್ಬಿ ಹಾಕುವ ಗ್ಯಾಸ್ ಒಲೆ. ದಾಂಡೇಲಿಗೆ, ಹಂಪಿಗೆ, ಗೋಕರ್ಣಕ್ಕೆ ಅದು ಸಾಕು. ಲೇಹ್‌ಗೆ ಬೇಡ. ಆ ಡಬ್ಬಿಗಳಲ್ಲಿ ಹೆಚ್ಚಾಗಿ ಬ್ಯೂಟೇನ್. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಅನಿಲ ಆಗುವುದಕ್ಕೇ ಒಲ್ಲೆ ಅನ್ನುತ್ತದೆ. ಉರಿಯುವಾಗ ಡಬ್ಬಿ ತಾನೇ ತಣ್ಣಗಾಗುತ್ತದೆ, ಇನ್ನೂ ಕಷ್ಟ. ಡಬ್ಬಿ ಅಲ್ಲಾಡಿಸಿದರೆ ಒಳಗೆ ದ್ರವ ಇದೆ, ಒಲೆಯಲ್ಲಿ ಉರಿ ಇಲ್ಲ. ಆಗ ಕೆಲವರು ಡಬ್ಬಿಯನ್ನು ಬೆಂಕಿಗೆ ಕಾಯಿಸುತ್ತಾರೆ. ದಯವಿಟ್ಟು ಬೇಡ. ಇನ್ನೊಂದು, ಈ ಒಲೆಯ ಮೇಲೆ ಅಗಲವಾದ ಹಂಚಿಟ್ಟು ರೊಟ್ಟಿ ಬಡಿಯಬೇಡಿ. ಹಂಚಿನ ಶಾಖ ಪಕ್ಕದ ಡಬ್ಬಿಗೆ ಬಡಿಯುತ್ತದೆ. ಡಬ್ಬಿ ಸಿಡಿದರೆ ರಿಪೇರಿಯ ಪ್ರಶ್ನೆಯೇ ಇಲ್ಲ.

ನಾಲ್ಕು ಕಾರಿಗೆ ನಾನು ಹೇಳುವುದು ಎರಡು 5 ಕಿಲೋ ಸಿಲಿಂಡರ್. ಇಂಡಿಯನ್ ಆಯಿಲ್‌ನವರು 'ಛೋಟು' ಅಂತ ಮಾರುತ್ತಾರಲ್ಲ, ಅದು. ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ದಾರಿಯಲ್ಲೂ ಎಷ್ಟೋ ಪೆಟ್ರೋಲ್ ಬಂಕಿನಲ್ಲಿ ಬದಲಿಸಿಕೊಳ್ಳಬಹುದು. ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಬಾರದು, ರೆಗ್ಯುಲೇಟರ್ ಬಿಚ್ಚಿರಬೇಕು. ಮನೆಯ 14.2 ಕಿಲೋ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಸಿಕೊಡುವ ಪುಣ್ಯಾತ್ಮರು ಎಲ್ಲ ಊರಲ್ಲೂ ಇದ್ದಾರೆ, ಅವರ ಹತ್ತಿರ ಹೋಗಬೇಡಿ. ಯಾರಾದರೂ ರೈಲಿನಲ್ಲಿ ಮುಂದೆ ಹೋಗಿ ಸೇರಿಕೊಳ್ಳುವುದಾದರೆ ಅವರ ಕೈಗೆ ಸಿಲಿಂಡರ್ ಕೊಡಲೇಬೇಡಿ. 2023ರ ಆಗಸ್ಟ್‌ನಲ್ಲಿ ಮಧುರೈಯಲ್ಲಿ ಒಂದು ಯಾತ್ರಿಕರ ಬೋಗಿಗೆ ಬೆಂಕಿ ಬಿತ್ತಲ್ಲ, ಒಳಗೆ ಕದ್ದು ತಂದ ಗ್ಯಾಸ್ ಸಿಲಿಂಡರ್ ಇತ್ತು. ಒಂಬತ್ತು ಜನ ಹೋದರು.

ಗಾಳಿಗೆ ಒಂದು ತಗಡಿನ ಮರೆ ಬೇಕು. ಎಣ್ಣೆ ಡಬ್ಬದ ತಗಡು ಕೊಯ್ದು ಮೂರು ಮಡಿಕೆ ಮಾಡಿದರೆ ಆಯಿತು. ಒಲೆಗೆ ಮಾತ್ರ ಮರೆ ಇರಲಿ, ಸಿಲಿಂಡರ್ ಅದರ ಹೊರಗಿರಲಿ. ಚಳಿ ಅಂತ ಡೇರೆಯೊಳಗೆ, ಕಾರಿನೊಳಗೆ ಒಲೆ ಹಚ್ಚುವ ಹಾಗಿಲ್ಲ, ಇದ್ದಿಲ ಸಿಗಡಿಯೂ ಇಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ.

ಇನ್ನೊಂದು ಚೀಟಿ. ಐದು ನಿಮಿಷ. ಅಧ್ಯಕ್ಷರ ಮುಖ ನೋಡಿದರೆ ಮೂರು ಅನ್ನಿಸುತ್ತದೆ.

ಚಾಕು. ಒಂದು ಸಾಕು, ಒರೆ ಇರಲಿ. ಮಡಚುವ ಈಳಿಗೆಮಣೆ ಮನೆಯಲ್ಲಿದ್ದರೆ ಅದನ್ನೇ ಒಯ್ಯಿರಿ. ಹೆಚ್ಚುವುದು, ತೆಂಗಿನಕಾಯಿ ತುರಿಯುವುದು ಎರಡೂ ಅದರಲ್ಲೇ. ಆ ಬ್ಯಾಟರಿ ಮಿಕ್ಸಿ ಹಾಕಿದವರು ಯಾರು? ಕೈ ಎತ್ತಬೇಡಿ, ಗೊತ್ತು. ಚಟ್ನಿ ಬೇಕಾದರೆ ಶೇಂಗಾ ಚಟ್ನಿಪುಡಿ ಇದೆಯಲ್ಲ.

ನೀರು. ಇಪ್ಪತ್ತು ಲೀಟರಿನ ಒಂದು ಕ್ಯಾನಿಗಿಂತ ಐದರ ನಾಲ್ಕು ಮೇಲು. ಒಂದು ಒಡೆದರೆ ಮೂರು ಉಳಿಯುತ್ತವೆ.

ಡಬ್ಬಿ. ಒಗ್ಗರಣೆ ಡಬ್ಬಿಯ ಮುಚ್ಚಳ ತಿರುಪಿನದಾಗಿರಲಿ. ಒತ್ತಿ ಮುಚ್ಚುವುದು ಘಾಟಿಯಲ್ಲಿ ತಾನೇ ತೆರೆದುಕೊಳ್ಳುತ್ತದೆ. ಕೆಲವರು ಗಾಜಿನ ಬಾಟಲಿ ಅಂತ ಬರೆದಿದ್ದಾರೆ. ಅದರ ಬಗ್ಗೆ ಮಾತೇ ಆಡುವುದಿಲ್ಲ. ಮೊದಲ ಮೂರು ದಿನ ಒಲೆಯನ್ನೇ ತೆಗೆಯಬೇಡಿ. ಕಡಕ್ ರೊಟ್ಟಿ ಕಟ್ಟಿಕೊಳ್ಳಿ, ಮೊಸರು ಯಾವ ಊರಲ್ಲೂ ಸಿಗುತ್ತದೆ. ಮನಾಲಿ ದಾಟಿದ ಮೇಲೆ ಅಡುಗೆ. ಬೇಳೆಯನ್ನು ಬೆಳಿಗ್ಗೆಯೇ ಡಬ್ಬಿಯಲ್ಲಿ ನೆನೆ ಹಾಕಿ ಕಾರಿನಲ್ಲಿಟ್ಟರೆ ಸಂಜೆಗೆ ಗ್ಯಾಸ್ ಅರ್ಧ ಉಳಿಯುತ್ತದೆ.

ಆಯಿತು, ಆಯಿತು, ಮುಗಿಸಿದೆ. ಹೊರಗೆ ಚಹಾ ಟೇಬಲ್ ಪಕ್ಕ ನನ್ನ ಕುಕ್ಕರ್ ಇಟ್ಟಿದ್ದೇನೆ. ಬಿಚ್ಚಿ ನೋಡಿ. ಒಳಗೆ ಬೋಗುಣಿ, ಲೋಟ, ಸೌಟು, ಎರಡು ಗ್ಯಾಸ್ಕೆಟ್ ಇವೆ. ಸೀಟಿ ದಾರದಲ್ಲಿ ಹಿಡಿಗೆ ಕಟ್ಟಿದೆ. ಎಲ್ಲ ನೋಡಿ, ಮುಟ್ಟಿ, ಪ್ರಶ್ನೆ ಕೇಳಿ. ಇಕ್ಕಳ ಮಾತ್ರ ವಾಪಸ್ ಒಳಗಿಡಿ. ಕಳೆದ ಸಲ ಹೀಗೇ ತೋರಿಸಿದಾಗ ಒಂದು ಹೋಯಿತು, ಇವತ್ತಿಗೂ ಸಿಕ್ಕಿಲ್ಲ.