ಕಿವಿಗೆ ಬಿದ್ದ ಇಲಿಯಡ್

ನಮಸ್ಕಾರ ಕೇಳುಗರೇ. ನಾವು ಏಳು ಜನ ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಹೋಮರನ ಇಲಿಯಡ್ ಓದಿ ಮುಗಿಸಿದೆವು. ಟ್ರಾಯ್ ನಗರದ ಮೇಲೆ ಗ್ರೀಕರು ಮಾಡಿದ ಯುದ್ಧದ ಪ್ರಾಚೀನ ಗ್ರೀಕ್ ಮಹಾಕಾವ್ಯ ಅದು. ಗ್ರೀಕ್ ಯಾರಿಗೂ ಬರುವುದಿಲ್ಲ, ಕೈಯಲ್ಲಿದ್ದದ್ದು ಇಂಗ್ಲಿಷ್ ಅನುವಾದ. ಒಟ್ಟು 24 ಭಾಗ, 15,000ಕ್ಕೂ ಜಾಸ್ತಿ ಸಾಲು. ವಾರಕ್ಕೊಂದು ಭಾಗ ಓದಿಕೊಂಡು ಬಂದು ಮಾತಾಡೋಣ ಅಂತ ಶುರು ಮಾಡಿದ್ದೆವು.

ಎರಡನೇ ವಾರವೇ ತೊಡಕಾಯಿತು. ಅಲ್ಲಿ ಹಡಗುಗಳ ಪಟ್ಟಿ ಬರುತ್ತದೆ, ಯಾವ ಊರಿನಿಂದ ಯಾರು ಎಷ್ಟು ಹಡಗು ತಂದರು ಅಂತ, ಇನ್ನೂರೈವತ್ತು ಸಾಲಿಗೂ ಹೆಚ್ಚು. ಯಾರೂ ಪೂರ್ತಿ ಓದಿರಲಿಲ್ಲ. ನಮ್ಮಲ್ಲಿ ಗಮಕ ಕಲಿತ ಹಿರಿಯರೊಬ್ಬರಿದ್ದಾರೆ. 'ಕೊಡಿ ಇಲ್ಲಿ' ಅಂತ ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದರು. ಪಾರಿವಾಳಗಳು ತುಂಬಿದ ಥಿಸ್ಬಿ, ದ್ರಾಕ್ಷಿ ಗೊಂಚಲುಗಳ ಆರ್ನೆ... ಒಂದೊಂದೇ ಊರು ಕಣ್ಣಮುಂದೆ ಬಂತು. ಅಂದಿನಿಂದ ಮನೆಯಲ್ಲಿ ಓದುವುದನ್ನು ಬಿಟ್ಟು ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು. ಹಾಡಿ ಕೇಳಿಸುತ್ತಿದ್ದ ಪರಂಪರೆಯಲ್ಲಿ ಬೆಳೆದ ಕಾವ್ಯ ಇದು, ಅಲ್ವಾ? ಗ್ರೀಕರ ಮಹಾವೀರನ ಹೆಸರು 'ವೇಗದ ಕಾಲಿನ ಅಕಿಲೀಸ್' ಅಂತ ಮತ್ತೆ ಮತ್ತೆ ಬರುವುದು ಕಣ್ಣಿಗೆ ಬೇಸರ ಎನಿಸಬಹುದು, ಆದರೆ ಬಾಯಲ್ಲೇ ಕಾವ್ಯ ಕಟ್ಟುವವನಿಗೆ ಸಾಲಿನ ಅಳತೆ ತುಂಬಿಸಿಕೊಡುವುದು ಅಂಥ ಮಾತುಗಳೇ. ನೀವೂ ಓದುವುದಾದರೆ ಇಬ್ಬರಾದರೂ ಕೂತು ಗಟ್ಟಿಯಾಗಿ ಓದಿ.

22ನೇ ಭಾಗ ನನ್ನ ಪಾಲಿಗೆ ಬಂತು. ಇದಕ್ಕೂ ಮುಂಚೆ, ಆರನೇ ಭಾಗದಲ್ಲಿ, ಟ್ರಾಯ್‌ನ ಹೆಕ್ಟರ್ ಯುದ್ಧದ ನಡುವೆ ಹೆಂಡತಿ ಆಂಡ್ರೊಮಕಿಯನ್ನು ನೋಡಲು ಬಂದಾಗ, ಅವನ ಶಿರಸ್ತ್ರಾಣದ ಕುದುರೆಗೂದಲಿಗೆ ಹೆದರಿ ಮಗು ಅಳುತ್ತದೆ. ಅಪ್ಪ ಅಮ್ಮ ನಕ್ಕುಬಿಡುತ್ತಾರೆ, ಅವನು ಅದನ್ನು ತೆಗೆದು ನೆಲಕ್ಕಿಟ್ಟು ಮಗುವನ್ನು ಎತ್ತಿಕೊಳ್ಳುತ್ತಾನೆ. ಈಗ 22ರಲ್ಲಿ ಅಕಿಲೀಸ್ ಅವನನ್ನು ಕೊಂದು ರಥಕ್ಕೆ ಕಟ್ಟಿ ಎಳೆದಾಗಿದೆ. ಮನೆಯೊಳಗೆ ಆಂಡ್ರೊಮಕಿ ನೇಯುತ್ತಿದ್ದಾಳೆ. ಗಂಡ ಬಂದರೆ ಸ್ನಾನಕ್ಕೆ ಬೇಕು, ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅಂತ ದಾಸಿಯರಿಗೆ ಹೇಳುತ್ತಾಳೆ. ಅಲ್ಲಿ ಕೂತ ನಮ್ಮೆಲ್ಲರಿಗೂ ಗೊತ್ತು, ಅವಳಿಗೆ ಗೊತ್ತಿಲ್ಲ. ನನ್ನ ಗಂಟಲು ಕಟ್ಟಿತು. ವರ್ಷಗಳ ಹಿಂದೆ ಒಬ್ಬಳೇ ಓದಿದಾಗ ಆ ನೀರಿನ ಮಾತು ನನ್ನ ಗಮನಕ್ಕೇ ಬಂದಿರಲಿಲ್ಲ. ಪಕ್ಕದಲ್ಲಿದ್ದವರು ಪುಸ್ತಕ ತೆಗೆದುಕೊಂಡು ಮುಂದೆ ಓದಿದರು. ಗೋಡೆಯ ಕಡೆಯಿಂದ ಅಳು ಕೇಳುತ್ತದೆ, ಅವಳ ಕೈಯಿಂದ ಲಾಳಿ ಕೆಳಗೆ ಬೀಳುತ್ತದೆ.

ನಮ್ಮಲ್ಲೊಬ್ಬರು ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆ ಯಾವಾಗ ಬರುತ್ತದೆ ಅಂತ ಕೊನೆವರೆಗೂ ಕಾಯುತ್ತಿದ್ದರು. ಇಲಿಯಡ್‌ನಲ್ಲಿ ಅದು ಬರುವುದೇ ಇಲ್ಲ, ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಆ ಕಥೆ ಇದೆ ಅಂತ ಅವರಿಗೆ ಹೇಳಿದೆ. ಇಲ್ಲಿ ಕೊನೆಗೆ ಹೆಕ್ಟರನ ಅಪ್ಪ, ಮುದುಕ ಪ್ರಿಯಾಮ್, ರಾತ್ರಿ ಅಕಿಲೀಸನ ಬಿಡಾರಕ್ಕೆ ಹೋಗಿ, ಮಗನನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ಹೆಕ್ಟರನ ದೇಹವನ್ನು ಬೇಡಿ ತರುತ್ತಾನೆ. ಅವನ ಅಂತ್ಯಕ್ರಿಯೆಗೆ ಕಾವ್ಯ ಮುಗಿಯುತ್ತದೆ. ಅದನ್ನು ಓದಿದ್ದು ಗಮಕದ ಹಿರಿಯರೇ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಕುದುರೆ ಕಥೆ ಒಡಿಸ್ಸಿಯಲ್ಲಿದೆ ಅಂದ್ರಲ್ಲ, ಮುಂದಿನ ಭಾನುವಾರ ತರ್ತೀರಾ?' ಅಂದರು.