ಕೂಗುವುದು ಗಂಡು, ಆರಿಸುವುದು ಹೆಣ್ಣು

ಶ್ರೋತೃಗಳಿಗೆ ನಮಸ್ಕಾರ. ಆರಿದ್ರಾ ಮಳೆ ಸುರಿದ ರಾತ್ರಿ, ತೊಗರಿ ಹೊಲದ ಬದುವಿನ ತಗ್ಗಿನಲ್ಲಿ ನೀರು ನಿಂತೊಡನೆ ಕಪ್ಪೆಗಳ ಕೂಗು ಏಳುವುದನ್ನು ಕಲಬುರಗಿ ಸೀಮೆಯ ರೈತಬಾಂಧವರಿಗೆ ನಾನು ವಿವರಿಸಬೇಕಾಗಿಲ್ಲ. ಕಪ್ಪೆ ಮಳೆಯನ್ನು ಕರೆಯುತ್ತದೆ ಎಂದು ಇನ್ನೂ ಹಲವರು ನಂಬಿದ್ದಾರೆ. ದಯವಿಟ್ಟು ಆ ನಂಬಿಕೆಯನ್ನು ಬಿಡಿ. ಅದು ಕರೆಯುವುದು ಹೆಣ್ಣನ್ನು. ಕೂಗುವುದು ಗಂಡು, ಆರಿಸುವುದು ಹೆಣ್ಣು: ಇದೊಂದು ಮಾತು ನಿಮ್ಮ ನೆನಪಿನಲ್ಲಿ ಉಳಿದರೆ ನನಗೆ ಸಾಕು.

ಗಂಡು ಕಪ್ಪೆ ಬಾಯಿ, ಮೂಗು ಎರಡನ್ನೂ ಮುಚ್ಚಿಕೊಂಡು, ಶ್ವಾಸಕೋಶದ ಗಾಳಿಯನ್ನು ಧ್ವನಿಪೆಟ್ಟಿಗೆಯ ಮೂಲಕ ಗಂಟಲ ಚೀಲಕ್ಕೆ ದೂಡುತ್ತದೆ. ಉಬ್ಬಿದ ಚೀಲವು ಆ ಗಾಳಿಯನ್ನು ಮರಳಿ ಒಳಗೆ ಕಳಿಸುವುದರಿಂದ ಅದೇ ಗಾಳಿಯಲ್ಲಿ ಮತ್ತೆ ಮತ್ತೆ ಕೂಗಬಹುದು. ಮುಂಗಾರಿನಲ್ಲಿ ಮೈಯೆಲ್ಲ ಅರಿಶಿನದಂತೆ ಹಳದಿಯಾಗಿ, ಗಂಟಲ ಎರಡೂ ಬದಿಗೆ ನೀಲಿ ಚೀಲ ಉಬ್ಬಿಸುವ ದೊಡ್ಡ ಕಪ್ಪೆಯನ್ನು ನೀವು ಕಂಡಿರುತ್ತೀರಿ; ಅದು ಗಂಡು. ಒಂದೊಂದು ಜಾತಿಗೂ ಒಂದೊಂದು ಕೂಗಿದೆ. ಹೆಣ್ಣಿನ ಕಿವಿ ತನ್ನ ಜಾತಿಯ ಸ್ವರಕ್ಕೇ ಚುರುಕಾಗಿರುವುದರಿಂದ, ಒಂದೇ ಹೊಂಡದಲ್ಲಿ ನಾಲ್ಕಾರು ಜಾತಿಗಳು ಒಟ್ಟಿಗೆ ಕೂಗಿದರೂ ಅದಕ್ಕೆ ಗೊಂದಲವಾಗುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ದೂರದ ಪನಾಮಾ ದೇಶದ್ದು. ಅಲ್ಲಿ ಟುಂಗಾರಾ ಎಂಬ, ಹೆಬ್ಬೆರಳ ತುದಿಗಿಂತ ಸ್ವಲ್ಪವೇ ದೊಡ್ಡದಾದ ಕಪ್ಪೆಯಿದೆ. ಗಂಡು ಒಂಟಿಯಾಗಿದ್ದಾಗ ಸಾಮಾನ್ಯವಾಗಿ ಎಳೆದ ಸ್ವರವೊಂದನ್ನೇ ಹೊರಡಿಸುತ್ತದೆ. ಪಕ್ಕದಲ್ಲಿ ಪೈಪೋಟಿಗೆ ಇನ್ನೊಂದು ಗಂಡು ಕೂಗಿತೆಂದರೆ, ಆ ಸ್ವರದ ಕೊನೆಗೆ 'ಚಕ್, ಚಕ್' ಎಂಬ ಗಿಡ್ಡ ಸದ್ದುಗಳನ್ನು ಸೇರಿಸುತ್ತದೆ. ಮೈಕೆಲ್ ರಯಾನ್ ಎಂಬ ವಿಜ್ಞಾನಿ ಎರಡು ಬಗೆಯ ಕೂಗನ್ನೂ ಧ್ವನಿವರ್ಧಕಗಳಲ್ಲಿ ಕೇಳಿಸಿದಾಗ, ಹೆಣ್ಣುಗಳು 'ಚಕ್' ಇರುವ ಕೂಗಿನ ಕಡೆಗೇ ಹೆಚ್ಚಾಗಿ ಕುಪ್ಪಳಿಸಿ ಹೋದವು. ಹಾಗಾದರೆ ಗಂಡು ಯಾವಾಗಲೂ ಹಾಗೆಯೇ ಏಕೆ ಕೂಗುವುದಿಲ್ಲ? ಕತ್ತಲಲ್ಲಿ ಆ ಕೂಗನ್ನು ಕೇಳುವವರು ಬೇರೆಯೂ ಇದ್ದಾರೆ! ಕಪ್ಪೆ ತಿನ್ನುವ ಬಾವಲಿಯೊಂದು ಕೂಗಿನ ಜಾಡು ಹಿಡಿದೇ ಎರಗುತ್ತದೆ, ಮತ್ತು ಅದಕ್ಕೂ 'ಚಕ್' ಇರುವ ಕೂಗೇ ಇಷ್ಟವೆಂದು ರಯಾನ್, ಮರ್ಲಿನ್ ಟಟಲ್ ಮತ್ತು ಅವರ ಸಹೋದ್ಯೋಗಿ 1982ರಲ್ಲಿ ಪ್ರಕಟಿಸಿದರು. ಹೆಣ್ಣಿನ ಆಯ್ಕೆಗಾಗಿ ಗಂಡು ಪ್ರಾಣವನ್ನೇ ಒತ್ತೆಯಿಡುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗ ನನಗೆ ಸಿಕ್ಕಿಲ್ಲ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಹೆಣ್ಣು ಆರಿಸಿ ಬಂದ ಮೇಲೆ ಗಂಡು ಬೆನ್ನೇರಿ ಮುಂಗಾಲುಗಳಿಂದ ಅಪ್ಪುತ್ತದೆ. ಹೆಣ್ಣು ಇಟ್ಟ ಮೊಟ್ಟೆಗಳು ಅದರ ದೇಹದ ಹೊರಗೇ, ನೀರಿನಲ್ಲಿ ಫಲಗೊಳ್ಳುತ್ತವೆ. ಗಂಡು ತಪ್ಪಿ ಇನ್ನೊಂದು ಗಂಡನ್ನು ಹಿಡಿದರೆ, ಸಿಕ್ಕಿಬಿದ್ದದ್ದು ಬಿಡಿಸಿಕೊಳ್ಳಲು ಬೇರೆಯದೇ ಸದ್ದು ಮಾಡುತ್ತದೆ. ಈ ಮಳೆಗಾಲದಲ್ಲಿ ಬ್ಯಾಟರಿ ಹಿಡಿದು ಮಕ್ಕಳನ್ನು ಹೊಂಡದ ಬಳಿಗೆ ಕರೆದೊಯ್ಯಿರಿ, ಉಬ್ಬುವ ಚೀಲವನ್ನು ತೋರಿಸಿ, ಕೂಗುತ್ತಿರುವುದು ಗಂಡೆಂದು ಅವರಿಗೆ ಹೇಳಿ. ನಮಸ್ಕಾರ.